ಪದಚರ್ಚೆ: ‘ಕಮ್ಯುನಿಟಿ ಟ್ಯಾಂಕ್’ಗೆ ಕನ್ನಡದಲ್ಲಿ ಏನು?

ಬಣ್ಣದ ಮೀನಿನ ಅಂಗಡಿಯ ಬೋರ್ಡು. ನಾಳೆ ಬೆಳಿಗ್ಗೆ ಪೇಂಟರಿಗೆ ಕೊಡಬೇಕು. ಬೇರೆ ಬೇರೆ ಜಾತಿಯ ಸಿಹಿನೀರಿನ ಮೀನುಗಳು ಜಗಳವಿಲ್ಲದೆ ಇರುವ ತೊಟ್ಟಿಗಳ ವಿಭಾಗಕ್ಕೆ ‘ಸಮುದಾಯ ಮತ್ಸ್ಯಾಲಯ’ ಎಂದುಕೊಂಡಿದ್ದೇನೆ. ನಡೆದೀತೆ?

---

ನಡೆಯದು. ಸಮುದಾಯ ಭವನದ ಪಕ್ಕ ಪಂಚಾಯಿತಿಯವರು ಕಟ್ಟಿಸಿದಂತಿದೆ. ಮತ್ಸ್ಯಾಲಯ ಎಂದರೆ ಕಬ್ಬನ್ ಪಾರ್ಕಿನಲ್ಲಿರುವಂಥ ಕಟ್ಟಡ, ಮನೆಯ ಮೂರಡಿ ಗಾಜಿನ ಪೆಟ್ಟಿಗೆಯಲ್ಲ. ‘ಒಗ್ಗುಮೀನು’ ಎನ್ನಿ ಮೇಡಂ. ಒಗ್ಗಟ್ಟು ಬಂದದ್ದೂ ‘ಒಗ್ಗು’ವಿನಿಂದಲೇ.

---

> ಒಗ್ಗಟ್ಟು ಬಂದದ್ದೂ ‘ಒಗ್ಗು’ವಿನಿಂದಲೇ

ತಪ್ಪು. ಒರ್ (ಒಂದು) + ಕಟ್ಟು. ಹೀಗೇ ಬಿಟ್ಟರೆ ಒಗ್ಗರಣೆಯನ್ನೂ ಅಲ್ಲಿಂದಲೇ ತರುತ್ತೀರಿ. ‘ಒಗ್ಗುಮೀನು’ ಎಂದರೆ ಕರಾವಳಿಯವರು ಹೊಟ್ಟೆಗೆ ಒಗ್ಗುವ ಮೀನು ಎಂದೇ ಓದುವುದು.

---

ಇಲ್ಲಿ ಎರಡು ಕ್ರಿಯಾಪದಗಳ ಕೆಲಸವಿದೆ. ಮೀನಿಗೆ ನೀರು ಒಗ್ಗಬೇಕು, ಮೀನಿಗೆ ಮೀನು ಹೊಂದಬೇಕು. ನಿಯಾನ್ ಟೆಟ್ರಾಕ್ಕೆ ಮೆದು ನೀರು, ಪಿಎಚ್ (ಆಮ್ಲ-ಕ್ಷಾರದ ಅಳತೆ) 6ರಿಂದ 7. ಗಪ್ಪಿಗೆ ಗಡಸು ನೀರು, 7ರಿಂದ 8. ಎರಡೂ ಸಾಧು; ಆದರೂ ಗಡಸು ಬೋರ್‌ವೆಲ್ ನೀರಲ್ಲಿ ಗಪ್ಪಿ ಮರಿ ಹಾಕುತ್ತಿದ್ದರೆ ನಿಯಾನ್ ಸೊರಗುತ್ತದೆ. ಏಂಜಲ್ ಮೀನಿಗೆ ನಿಯಾನಿನ ನೀರೇ ಒಗ್ಗುತ್ತದೆ, ಆದರೆ ಬೆಳೆದ ಮೇಲೆ ನಿಯಾನನ್ನೇ ನುಂಗುತ್ತದೆ. ಬಾಯಲ್ಲಿ ಹಿಡಿಸಿದ್ದೆಲ್ಲ ಅದಕ್ಕೆ ತಿಂಡಿ. ಟೈಗರ್ ಬಾರ್ಬ್ ಎರಡು-ಮೂರೇ ಇದ್ದರೆ ಗಪ್ಪಿಯ ಬಾಲ ಉಳಿಯದು. ಎಂಟು-ಹತ್ತರ ಹಿಂಡಾದರೆ ಹೆಚ್ಚಾಗಿ ತಮ್ಮತಮ್ಮಲ್ಲೇ ಕಚ್ಚಾಡುತ್ತವೆ, ಆದರೂ ಉದ್ದ ಬಾಲದವು ಜೊತೆಗೆ ಬೇಡ. ಗೋಲ್ಡ್‌ಫಿಶ್ ಯಾವ ಪಟ್ಟಿಯಲ್ಲೂ ಬೇಡ. ತಂಪು ನೀರಿನದು, ಗಲೀಜೂ ಜಾಸ್ತಿ. 100 ಲೀಟರಿಗೆ ಹತ್ತು ನಿಯಾನ್, ತಳದಲ್ಲಿ ಓಡಾಡುವ ಕೋರಿಡೋರಾಸ್ ಮೀನು ಆರು, 24–26 ಡಿಗ್ರಿ: ಇದು ಹೊಂದುತ್ತದೆ.

ಬರೀ ‘ಹೊಂದುವ ಮೀನು’ ಎಂದರೆ ಅರ್ಧ ವಾಕ್ಯ. ಯಾವುದಕ್ಕೆ ಯಾವುದು ಎಂದು ಚತುರ್ಥಿ ವಿಭಕ್ತಿ ಹಚ್ಚಿ.

---

ಕೂಡುಕುಟುಂಬ ಇದೆಯಲ್ಲ, ‘ಕೂಡುತೊಟ್ಟಿ’ಗೆ ಏನಾಗಿದೆ?

---

ಪೇಟೆಯಲ್ಲಿ ತೊಟ್ಟಿ ಎಂದರೆ ಕಸದ್ದು. ಅಂಗಡಿಯವರೂ ಗಿರಾಕಿಯೂ ಟ್ಯಾಂಕ್ ಎನ್ನುತ್ತಾರೆ. ಬಿಡಿ.

---

ಟ್ಯಾಂಕ್ ಬಿಟ್ಟುಕೊಟ್ಟರೆ ನಾಳೆ ಮೀನೂ ಹೋಗಿ ಫಿಶ್ ಬರುತ್ತದೆ.

---

ಬಂದಾಯಿತು. ಗೋಲ್ಡ್‌ಫಿಶ್‌ಗೆ ಹೊನ್ಮೀನು ಎಂದು ಕೇಳಿ ಖರೀದಿಸಿದವರನ್ನು ತೋರಿಸಿ. ಟ್ಯಾಂಕ್ ಪದಕ್ಕೆ ಗುಜರಾತಿ ಮೂಲ ಹೇಳುವ ನಿಘಂಟುಗಳೂ ಇವೆ. ನಮ್ಮ ಕಡೆಯಿಂದ ಹೋದದ್ದು ವಾಪಸು ಬಂದರೆ ಎರವಲೇ?

---

‘ಒಟ್ಟಿಗೆ ಸಾಕಬಹುದಾದ ಮೀನುಗಳು’ ಎಂದು ಬರೆಸುತ್ತೇನೆ, ಕೆಳಗೆ ಯಾವುದಕ್ಕೆ ಯಾವುದು ಎಂಬ ಪಟ್ಟಿ. ತೊಟ್ಟಿಯೂ ಇಲ್ಲ, ಟ್ಯಾಂಕೂ ಇಲ್ಲ.

---

‘ಜೊತೆಗೆ’ ಹಾಕಿ. ಪೇಂಟರಿಗೆ ಒಂದು ಒತ್ತು ಉಳಿಯುತ್ತದೆ.