ಯುದ್ಧದಲ್ಲಿ ಮಡಿದ ಯುವ ವಿಜ್ಞಾನಿಯ ಟಿಪ್ಪಣಿ, ದತ್ತಾಂಶ, ದನಿ: ಮಗಳಿಗಾಗಿ ಉಳಿಸುವುದು ಹೇಗೆ?

ಹಣತೆ (ಪ್ರಶ್ನೆ)
ಯುದ್ಧಕ್ಕೆ ಹೋದ ಯುವ ವಿಜ್ಞಾನಿಯೊಬ್ಬರು ಮರಳಲಿಲ್ಲ. ಮೂರು ವರ್ಷದ ಮಗಳಿದ್ದಾಳೆ. ಉಳಿದಿರುವುದು ಏಳು ಲ್ಯಾಬ್ ನೋಟ್‌ಬುಕ್, ಲ್ಯಾಪ್‌ಟಾಪ್, ಫೋನು ಮತ್ತು ಅರ್ಧಕ್ಕೆ ನಿಂತ ಪ್ರಬಂಧ. ಪತ್ನಿಯ ಒಪ್ಪಿಗೆ ಸಿಕ್ಕಿದೆ. ಸಹೋದ್ಯೋಗಿಗಳು ಮೊದಲು ಯಾವುದಕ್ಕೆ ಕೈ ಹಾಕಬೇಕು? ಕ್ಷುದ್ರಗ್ರಹವೊಂದಕ್ಕೆ ಅವರ ಹೆಸರಿಡಿಸುವ ಮಾತೂ ಇದೆ. ಸಾಧ್ಯವೇ?

ಕಡತದ ಗೂಡು
ಮೊದಲು ಫೋನು, ಆಮೇಲೆ ಉಳಿದದ್ದು. ಸಿಮ್ ಚಾಲ್ತಿಯಲ್ಲಿರಲಿ, ಎಲ್ಲ ಖಾತೆಗಳ ಒಟಿಪಿ ಬರುವುದು ಆ ನಂಬರಿಗೇ. ವಾಟ್ಸಾಪ್ ಖಾತೆ 120 ದಿನ ಬಳಕೆಯಿಲ್ಲದಿದ್ದರೆ ಸಾಮಾನ್ಯವಾಗಿ ಅಳಿದುಹೋಗುತ್ತದೆ, ಅವರ ದನಿ ಇರುವ ವಾಯ್ಸ್ ಮೆಸೇಜುಗಳು ಇರುವುದು ಬಹುಪಾಲು ಅಲ್ಲಿಯೇ. ಪಾಸ್‌ಕೋಡ್ ಊಹಿಸಿ ಒತ್ತುತ್ತಾ ಹೋಗಬೇಡಿ. ಕೆಲವು ಫೋನುಗಳಲ್ಲಿ ಹತ್ತು ಸಲ ತಪ್ಪಿದರೆ ಎಲ್ಲವೂ ಅಳಿಯುವಂತೆ ಸೆಟ್ ಮಾಡಿರುತ್ತಾರೆ. ಸಂಸ್ಥೆಯ ಇಮೇಲ್ ಮುಚ್ಚುವ ಮುನ್ನ ಪೂರ್ತಿ ಪ್ರತಿ ಕೇಳಿ ಇಂದೇ ಪತ್ರ ಬರೆಯಿರಿ.

ಲ್ಯಾಪ್‌ಟಾಪ್ ಆನ್ ಮಾಡಿ ಒಳಗೆ ಹುಡುಕಾಡುವುದು ಎಲ್ಲರೂ ಮಾಡುವ ತಪ್ಪು. ತೆರೆದಷ್ಟೂ ಕಡತಗಳ ದಿನಾಂಕ ಬದಲಾಗುತ್ತದೆ. ಒಳಗಿರುವುದು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ದತ್ತಾಂಶವಿಡುವ ಡಿಸ್ಕ್) ಆಗಿದ್ದರೆ ಅಳಿಸಿದ ಕಡತಗಳ ಕುರುಹನ್ನು ಅದು ತಾನಾಗಿಯೇ ಒರೆಸಿಹಾಕುತ್ತದೆ. ಡಿಸ್ಕ್ ಹೊರತೆಗೆದು, ರೈಟ್ ಬ್ಲಾಕರ್ (ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಮೂಲಕ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ಪ್ರತಿ ತೆಗೆಯಿರಿ, ಪ್ರತಿ ಬದಲಾಗಿಲ್ಲವೆಂದು ಮುಂದೆ ತಾಳೆ ನೋಡಲು ಅದರ ಶಾ-256 ಮೊತ್ತ ಬರೆದಿಡಿ, ಕೆಲಸವೆಲ್ಲ ಆ ಪ್ರತಿಯ ಮೇಲೆ ನಡೆಯಲಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ 48 ಅಂಕಿಗಳ ರಿಕವರಿ ಕೀ ಬೇಕು. ಅವರ ಮೈಕ್ರೋಸಾಫ್ಟ್ ಖಾತೆಯಲ್ಲೋ ಸಂಸ್ಥೆಯ ಐಟಿ ವಿಭಾಗದಲ್ಲೋ ಇರಬಹುದು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಎಸ್‌ಎಸ್‌ಡಿಯೊಂದನ್ನೇ ನಂಬಿ ಪೆಟ್ಟಿಗೆಯಲ್ಲಿಟ್ಟು ಮರೆಯಬೇಡಿ, ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಬಿದ್ದಿದ್ದರೆ ಅದು ಮರೆಯತೊಡಗುತ್ತದೆ.

ಹಳೇಹಾಳೆ
ನೋಟ್‌ಬುಕ್ ಬಗ್ಗೆ ನನ್ನ ಮಾತು. ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, 400 ಡಿಪಿಐ (ಇಂಚಿಗೆ 400 ಚುಕ್ಕಿ), ಚಿತ್ರದ ಗುಣಮಟ್ಟ ಕುಂದದ ಟಿಫ್ ಕಡತವಾಗಿ. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಪೆನ್ಸಿಲಿನ ತೆಳು ಗೆರೆ ಮಾಯವಾಗುತ್ತದೆ, ಕೆಂಪು ಶಾಯಿಯಲ್ಲಿ ಮಾಡಿದ ತಿದ್ದುಪಡಿ ಯಾವುದೆಂದೇ ತಿಳಿಯುವುದಿಲ್ಲ. ಖಾಲಿ ಪುಟ, ರಟ್ಟಿನ ಒಳಬದಿ ಯಾವುದನ್ನೂ ಬಿಡಬೇಡಿ. ಅಂಟಿಸಿದ ಚೀಟಿಯಿದ್ದರೆ ಚೀಟಿಯೊಡನೆ ಒಮ್ಮೆ, ಎತ್ತಿ ಇನ್ನೊಮ್ಮೆ. ಉಪಕರಣದಿಂದ ಬಂದ ಥರ್ಮಲ್ ಕಾಗದದ ಮುದ್ರಣ ಸಿಕ್ಕರೆ ಅದನ್ನೇ ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ, ಆ ಅಕ್ಷರ ಮಾಸುತ್ತಲೇ ಇರುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಲ್ಯಾಮಿನೇಷನ್ ಬೇಡವೇ ಬೇಡ, ಪಿವಿಸಿ ಕವರೂ ಬೇಡ. ಆಮ್ಲರಹಿತ ಕಾಗದದ ಪೆಟ್ಟಿಗೆ ಸಾಕು.

ಮಗಳ ಚಿತ್ರವೋ ಗೀಚೋ ಲೆಕ್ಕದ ನಡುವೆ ಇದ್ದರೆ ಕತ್ತರಿಸಿ ಬೇರೆ ಇಡಬೇಡಿ. ಅಪ್ಪನ ಸಮೀಕರಣದ ಪಕ್ಕದಲ್ಲಿಯೇ ಅದು ಅವಳಿಗೆ ಸಿಗಬೇಕು.

ಅಡಿಟಿಪ್ಪಣಿ
ಪ್ರಬಂಧಕ್ಕೆ ಅವರ ಹೆಸರು ಇರಲೇಬೇಕು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಸಮಿತಿಯಾದ ಐಸಿಎಂಜೆಇ ನಿಯಮದ ಪ್ರಕಾರ ಅಂತಿಮ ಕರಡಿಗೆ ಲೇಖಕರ ಒಪ್ಪಿಗೆ ಅಗತ್ಯ. ತೀರಿಕೊಂಡವರು ಅದನ್ನು ಕೊಡಲಾರರು. ಆದ್ದರಿಂದ ಸಲ್ಲಿಸುವ ಮೊದಲೇ ಸಂಪಾದಕರಿಗೆ ತಿಳಿಸಿ. ಹೆಸರಿನ ಪಕ್ಕ ಕಠಾರಿ ಚಿಹ್ನೆ, ಅಡಿಯಲ್ಲಿ ನಿಧನದ ದಿನಾಂಕ ಹಾಕುವುದು ರೂಢಿ. ಹಕ್ಕುಸ್ವಾಮ್ಯದ ಪತ್ರಕ್ಕೆ ವಾರಸುದಾರರ ಸಹಿ ಕೇಳಬಹುದು. ಅವರು ತಾವೇ ಅಳೆದದ್ದು ಯಾವುದು, ನೀವು ಆಮೇಲೆ ಸೇರಿಸಿದ್ದು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲದಿದ್ದರೆ ನಿಮ್ಮ ತಪ್ಪು ಅವರ ತಲೆಗೆ ಬರುತ್ತದೆ, ಉತ್ತರಿಸಲು ಅವರಿಲ್ಲ. ದತ್ತಾಂಶವನ್ನು ಜೆನೋಡೊ ಎಂಬ ಆನ್‌ಲೈನ್ ಸಂಗ್ರಹದಲ್ಲಿಟ್ಟರೆ ಡಿಒಐ (ಉಲ್ಲೇಖಿಸಲು ಬಳಸುವ ಶಾಶ್ವತ ಗುರುತು) ಸಿಗುತ್ತದೆ. ಪ್ರತಿ ಕಾಲಂ ಏನು, ಯಾವ ಏಕಮಾನ, ಉಪಕರಣದ ಸೆಟಿಂಗ್ ಏನಿತ್ತು ಎಂಬ ವಿವರಣೆಯ ಕಡತವೂ ಜೊತೆಗಿರಲಿ.

ಕ್ಷುದ್ರಗ್ರಹ: ಹೆಸರು ಸೂಚಿಸುವ ಹಕ್ಕು ಮೊದಲು ಅದನ್ನು ಕಂಡುಹಿಡಿದವರದು, ಹೆಸರು 16 ಅಕ್ಷರ ಮೀರಬಾರದು. ಮುಖ್ಯವಾಗಿ, ಸೈನಿಕ ಕಾರ್ಯಕ್ಕೆ ಹೆಸರಾದವರಾದರೆ ಸತ್ತು 100 ವರ್ಷವಾಗಬೇಕು. ಹಾಗಾಗಿ ಅರ್ಜಿಯಲ್ಲಿ ಹೇಳಬೇಕಾದದ್ದು ಅವರ ವಿಜ್ಞಾನ.

ಹಳೇಹಾಳೆ
ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದ್ದ ಜರ್ಮನ್ ಖಗೋಳ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಚೈಲ್ಡ್ ಅವರ ಉದಾಹರಣೆ ಇಲ್ಲಿ ಸಲ್ಲುತ್ತದೆ. ಸಾಪೇಕ್ಷತೆಯ ಸಮೀಕರಣಗಳಿಗೆ ಅವರು ಕಂಡ ಪರಿಹಾರವನ್ನು ಐನ್‌ಸ್ಟೈನ್ 1916ರ ಜನವರಿಯಲ್ಲಿ ಪ್ರಷ್ಯನ್ ಅಕಾಡೆಮಿಯ ಮುಂದಿಟ್ಟಾಗ ಶ್ವಾರ್ಜ್‌ಚೈಲ್ಡ್ ಇನ್ನೂ ಸೇನೆಯಲ್ಲಿದ್ದರು. ಅದೇ ವರ್ಷದ ಮೇ 11ರಂದು, ಯುದ್ಧಕಾಲದಲ್ಲಿ ಕಾಣಿಸಿಕೊಂಡ ಚರ್ಮರೋಗದಿಂದ ತೀರಿಕೊಂಡರು. ಮಗ ಮಾರ್ಟಿನ್‌ಗೆ ಆಗ ನಾಲ್ಕು ತುಂಬಿರಲಿಲ್ಲ. ಆ ಮಗನೂ ಮುಂದೆ ಖಗೋಳ ವಿಜ್ಞಾನಿಯಾದರು. ತಂದೆಯ ಕಾಗದಪತ್ರಗಳು ಗಟಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನೀವೂ ಮೂಲ ಪ್ರತಿಗಳನ್ನು ಒಂದು ಗ್ರಂಥಾಲಯಕ್ಕೆ ಒಪ್ಪಿಸಿ, ಮಗಳು ಕೇಳಿದಾಗ ನೋಡುವ ಹಕ್ಕನ್ನು ಕರಾರಿನಲ್ಲಿ ಬರೆಸಿ.

ಹಣತೆ
ತುಂಬಾ ಉಪಕಾರವಾಯಿತು. ವಾಯ್ಸ್ ಮೆಸೇಜುಗಳನ್ನು ಎಂಪಿ3ಗೆ ಬದಲಿಸಿ ಇಡಬಹುದೇ?

ಕಡತದ ಗೂಡು
ಬೇಡ. ಅದು ಈಗಾಗಲೇ ಹಿಂಡಿದ (ಗಾತ್ರ ಕುಗ್ಗಿಸಿದ) ಕಡತ, ಇನ್ನೊಮ್ಮೆ ಹಿಂಡಿದರೆ ದನಿ ಇನ್ನಷ್ಟು ಸವೆಯುತ್ತದೆ. ಮೂಲ ಹಾಗೇ ಇರಲಿ, ಕೇಳಲು ಒಂದು ವೇವ್ (ಹಿಂಡದ ಧ್ವನಿ ಕಡತ) ಪ್ರತಿ ಮಾಡಿಕೊಳ್ಳಿ. ಹಿನ್ನೆಲೆಯ ಗದ್ದಲ ತೆಗೆಯಲು ಹೋಗಬೇಡಿ, ಉಸಿರಿನ ಸದ್ದೂ ಹೋಗಿಬಿಡುತ್ತದೆ. ಯಾರಿಗೆ ಹೇಳಿದ್ದು, ಯಾವ ದಿನ, ಎಲ್ಲಿಂದ ಎಂಬುದನ್ನು ಕಡತದ ಪಕ್ಕದಲ್ಲಿ ಈಗಲೇ ಬರೆದಿಡಿ.