ಡಾಕ್ಟರನ್ನು ಕೇಳಿ: ಶುಗರ್ ಹುಣ್ಣಿಗೆ ಜೇನು ಅಂಟು ಹಚ್ಚಬಹುದಾ?

ಅಡ್ಮಿನ್: ‘ಪೆಟ್ಟಿಗೆಯ ಜೇನು ಅಂಟು ಹಚ್ಚಿ, ಶುಗರ್ ಹುಣ್ಣು ವಾರದಲ್ಲಿ ಮಾಯ’ ಅನ್ನೋ ಫಾರ್ವರ್ಡ್ ಎಲ್ಲರಿಗೂ ಬಂದಿದೆ. ಹಾಸನದ ನಮ್ಮ ಸರ್ಜನ್ ಉತ್ತರಿಸುತ್ತಾರೆ.

ಬೇಲೂರು ಸದಸ್ಯ: ನಿಜಾನಾ ಸರ್?

ಡಾಕ್ಟರ್: ಅಂಟು ಅಂದರೆ ಪ್ರೋಪೊಲಿಸ್, ಜೇನುಹುಳ ಮರಗಿಡಗಳಿಂದ ತಂದು ಗೂಡಿಗೆ ಮೆತ್ತುವ ಗೋಂದು. ನ್ಯೂಜಿಲೆಂಡ್, ಚಿಲಿಯಲ್ಲಿ ಪರೀಕ್ಷಿಸಿದ್ದಾರೆ. ಫಲ ಚೆನ್ನಾಗೇ ಕಂಡಿದೆ, ಆದರೆ ರೋಗಿಗಳು ಕಡಿಮೆ. ಅಲ್ಲೂ ಮಾಮೂಲಿ ಚಿಕಿತ್ಸೆ ಜೊತೆಗೇ ಹಚ್ಚಿದ್ದು. ಇರಾನಿನಲ್ಲಿ ರಾಯಲ್ ಜೆಲ್ಲಿ, ಅಂದರೆ ರಾಣಿ ಜೇನಿಗೆ ಉಣಿಸುವ ರಸ, ಪರೀಕ್ಷಿಸಿದಾಗ ಔಷಧಿ ಇಲ್ಲದ ಮುಲಾಮಿಗಿಂತ ಹೆಚ್ಚೇನೂ ಆಗಲಿಲ್ಲ.

ಆಲೂರು ಸದಸ್ಯ: ತೋಟದ ಜೇನುತುಪ್ಪ?

ಡಾಕ್ಟರ್: ಬೇಡ. ಗಾಯಕ್ಕೆ ಬಳಸುವ ಜೇನು ಗಾಮಾ ಕಿರಣ ಹಾಯಿಸಿ ರೋಗಾಣು ಕೊಂದದ್ದು.

ಮೂಡಿಗೆರೆ ಸದಸ್ಯೆ: ಸರ್, ಅಪ್ಪನಿಗೆ ಅಂಗಾಲಲ್ಲಿ, ಹೆಬ್ಬೆರಳ ಬುಡದಲ್ಲಿ ಹುಣ್ಣು. ಗಮ್‌ಬೂಟ್ ಉಜ್ಜಿ ಆಗಿದ್ದು. ನಾಟಿ ವೈದ್ಯರ ಅಂಟು ಹಚ್ಚುತ್ತಿದ್ದೇವೆ. ಮೇಲೆ ಒಣಗಿದೆ, ನೋವೇ ಇಲ್ಲ. ಸ್ವಲ್ಪ ವಾಸನೆ ಇದೆ. ಮುಂದುವರಿಸಬಹುದಾ?

ಡಾಕ್ಟರ್: ನೋವಿಲ್ಲ ಅನ್ನೋದೇ ನನಗೆ ಭಯ ನೋಡಮ್ಮ. ನರಗಳಿಗೆ ಸ್ಪರ್ಶ ಹೋಗಿದೆ, ಬೂಟು ಉಜ್ಜಿದ್ದೂ ಅದಕ್ಕೇ ಗೊತ್ತಾಗಿಲ್ಲ. ಮೇಲೆ ಗಟ್ಟಿ ಚರ್ಮ ಮುಚ್ಚಿಕೊಂಡು ಒಳಗೆ ಕೀವು ಬೆರಳಿನತ್ತ ಹರಿಯುತ್ತಿರಬಹುದು. ಆ ಚರ್ಮ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕು. ಡಾಕ್ಟರು ಹುಣ್ಣಿನೊಳಗೆ ಮೊಂಡು ಸಲಾಕೆ ಇಳಿಸಿದಾಗ ಮೂಳೆ ತಗುಲಿದರೆ ಸೋಂಕು ಮೂಳೆಗೆ ಇಳಿದಿರುವ ಸಾಧ್ಯತೆ ಜಾಸ್ತಿ. ಎಕ್ಸ್‌ರೇ ಬೇಕು, ಪಾದದ ರಕ್ತ ಓಡಾಟ ನೋಡಬೇಕು. ಕಾಲು ಊರಲು ಬಿಡಬೇಡಿ. ಭಾರ ಬೀಳುತ್ತಿದ್ದರೆ ಯಾವ ಮದ್ದಿಗೂ ಆ ಹುಣ್ಣು ಮಾಯುವುದಿಲ್ಲ. ಬಿಸಿನೀರಲ್ಲಿ ಅದ್ದಲೇಬೇಡಿ, ಸುಟ್ಟರೂ ಅವರಿಗೆ ತಿಳಿಯಲ್ಲ. ಅಂಟು ನಿಲ್ಲಿಸಿ, ಕೆಲವರಿಗೆ ಅದು ಅಲರ್ಜಿ. ಈವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಇದೆಯಾ? ಕೆಂಪು ಮೇಲಕ್ಕೆ ಏರಿದೆಯಾ?

ಅರಸೀಕೆರೆ ಸದಸ್ಯ: ಫಾರ್ವರ್ಡ್ ನಿಜಾನಾ ಸರ್?

ಡಾಕ್ಟರ್: ಮೇಲೆ ಓದಿ.

ಸಕಲೇಶಪುರದ ಜೇನು ಸಾಕಣೆದಾರ: ಒಂದು ಮಾತು. ನಾವು ಪೆಟ್ಟಿಗೆಯಲ್ಲಿ ಸಾಕೋ ನಾಡಿನ ತುಡುವೆ ಜೇನು ಅಂಟು ತರೋದೇ ಇಲ್ಲ. ಪೆಟ್ಟಿಗೆ ಕೆರೆದರೆ ಸಿಗೋದು ಮೇಣ. ಅಂಟು ಚುಚ್ಚದ ಮುಜಂಟಿ ಜೇನಲ್ಲೋ, ಹೊರದೇಶದ ಮೆಲ್ಲಿಫೆರಾ ಜೇನಲ್ಲೋ ಸಿಗಬೇಕು.

ಆಲೂರು ಸದಸ್ಯ: ನಮ್ಮಜ್ಜಿ ತುಡುವೆ ಅಂಟಲ್ಲೇ ಎಷ್ಟೋ ಜನರನ್ನ ಗುಣ ಮಾಡಿದ್ರು. ನೀವೇನು ವಿಜ್ಞಾನಿನಾ?

ಸಾಕಣೆದಾರ: ಮುಚ್ಚಳ ತೆಗೆಯೋನು ನಾನು ಸ್ವಾಮಿ, ನೀವಲ್ಲ.

ಆಲೂರು ಸದಸ್ಯ: ಇಂಗ್ಲಿಷ್ ಮದ್ದಿನವರಿಗೆ ಕಾಲು ಕತ್ತರಿಸೋದೇ ಗೊತ್ತು!

ಡಾಕ್ಟರ್: ಹೌದು, ಕತ್ತರಿಸ್ತೀನಿ. ಇಂಥ ಫಾರ್ವರ್ಡ್ ನಂಬಿ ಕೊನೆಗೆ ಬಂದವರದ್ದು. ಇನ್ನು ನಿಮಗೆ ಉತ್ತರಿಸಲ್ಲ.

ಚನ್ನರಾಯಪಟ್ಟಣ ಸದಸ್ಯೆ: ಜೇನು ತಿಂದರೆ ಶುಗರ್ ಏರುತ್ತಾ ಸರ್?

ಮೂಡಿಗೆರೆ ಸದಸ್ಯೆ: ಚಳಿಜ್ವರ ಇದೆ ಸರ್. ಹಿಮ್ಮಡಿವರೆಗೂ ಕೆಂಪು. ಚಿಕ್ಕಪ್ಪ ಸೋಮವಾರ ನೋಡೋಣ ಅಂತಾರೆ.

ಡಾಕ್ಟರ್: ಸೋಮವಾರ ಬೇಡ, ಈಗಲೇ ಹೊರಡಿ. ಚಿಕ್ಕಪ್ಪನಿಗೆ ಇದನ್ನೇ ತೋರಿಸಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಆಲೂರು ಸದಸ್ಯ: ಶುದ್ಧ ಅಂಟಿನ ಎಣ್ಣೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.

ಅಡ್ಮಿನ್: ಕಾಮೆಂಟ್ ಬಂದ್ ಮಾಡ್ತಿದ್ದೀನಿ.