ಬೂದು ಕುದುರೆಯ ಬಾಲದಡಿಯ ಗಂಟು ಮರಿಗೂ ಬರುವುದೇ?

ಪ್ರಶ್ನೆ:
ನನ್ನ ಹೆಣ್ಣು ಕುದುರೆ ಹುಟ್ಟುವಾಗ ಕಪ್ಪಗಿತ್ತು. ಏಳೆಂಟು ವರ್ಷಗಳಲ್ಲಿ ಮೈಯೆಲ್ಲ ಬೆಳ್ಳಗಾಯಿತು, ಹೀಗೆ ಬರಬರುತ್ತಾ ಬೆಳ್ಳಗಾಗುವ ಕುದುರೆಯನ್ನೇ ಬೂದು ಎನ್ನುತ್ತಾರೆ. ಈಗ ಅದಕ್ಕೆ 13 ವರ್ಷ. ಬಾಲದಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಎರಡು ಕಪ್ಪು ಗಂಟುಗಳಿದ್ದು, ಅವು ಮೆಲನೋಮಾ (ವರ್ಣಕೋಶಗಳ ಗಡ್ಡೆ) ಎಂದು ಪಶುವೈದ್ಯರು ತಿಳಿಸಿದ್ದಾರೆ. ಇದರ ತಂದೆ ಬೂದು, ತಾಯಿ ಕೆಂಗಂದು. ಬೂದು ಬಣ್ಣದ ಗಂಡಿನಿಂದಲೇ ಮರಿ ಪಡೆಯಬೇಕೆಂದಿದ್ದವನು ಈಗ ಹಿಂಜರಿಯುತ್ತಿದ್ದೇನೆ. ಅದರ ಬದಲು ಬಿಳಿ ಪಟ್ಟೆಗಳಿರುವ ಗಂಡನ್ನು ಆರಿಸಿದರೆ ಆತಂಕ ತಪ್ಪುತ್ತದೆಯೇ?

ಉತ್ತರ 1:
ಬಿಳಿ ಕೂದಲಿನಿಂದ ಗಂಟು ಬರುವುದಿಲ್ಲ. ಎರಡರ ಮೂಲವೂ ಒಂದೇ. ಎಸ್‌ಟಿಎಕ್ಸ್17 ಎಂಬ ಜೀನಿನೊಳಗೆ ಸುಮಾರು 4,600 ಅಕ್ಷರಗಳ ಡಿಎನ್‌ಎ ತುಣುಕೊಂದು ಹೆಚ್ಚುವರಿಯಾಗಿ ನಕಲಾಗಿರುವುದೇ ಬೂದು ಬಣ್ಣಕ್ಕೆ ಕಾರಣವೆಂದು 2008ರಲ್ಲಿ ಪತ್ತೆಯಾಯಿತು. ಇದರ ಪ್ರಭಾವದಿಂದ ವರ್ಣಕೋಶಗಳು ಅತಿಯಾಗಿ ವೃದ್ಧಿಸುವುದರಿಂದ, ಕೂದಲಿನ ಬುಡದಲ್ಲಿ ಅವುಗಳ ಆಕರಕೋಶಗಳು ಬೇಗ ಬರಿದಾಗಿ ಕೂದಲು ಬೆಳ್ಳಗಾಗುತ್ತದೆ, ಚರ್ಮದಲ್ಲಾದರೋ ಅವೇ ಕೋಶಗಳು ಗಂಟು ಕಟ್ಟುತ್ತವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. 15 ವರ್ಷ ದಾಟಿದ ಬೂದು ಕುದುರೆಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವುಗಳಲ್ಲಿ ಇಂತಹ ಗಂಟುಗಳು ಕಂಡುಬರುತ್ತವೆ. ಹುಟ್ಟುವಾಗ ಕಪ್ಪಗಿದ್ದವುಗಳಿಗೆ ಅಪಾಯ ಇನ್ನೂ ಹೆಚ್ಚು. ಏಕೆಂದರೆ ಕಪ್ಪನ್ನು ಹತೋಟಿಯಲ್ಲಿಡುವ ಅಗೌಟಿ ಜೀನ್ ಅವುಗಳಲ್ಲಿ ಕೆಲಸ ಮಾಡುತ್ತಿರುವುದಿಲ್ಲ.

ಬೂದು ಪ್ರಬಲ ಗುಣವಾದ್ದರಿಂದ ಒಂದು ಪ್ರತಿಯಿದ್ದರೂ ಪ್ರಕಟವಾಗುತ್ತದೆ. ತಾಯಿ ಬೂದಲ್ಲದ ಕಾರಣ ನಿಮ್ಮ ಕುದುರೆಯಲ್ಲಿ ಇರುವುದು ಒಂದೇ ಪ್ರತಿ. ಗಂಡಿನಲ್ಲಿಯೂ ಒಂದೇ ಇದ್ದರೆ ಮರಿಗೆ ಎರಡೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಗಂಡಿನಲ್ಲಿ ಎರಡಿದ್ದರೆ ಎರಡರಲ್ಲಿ ಒಂದು. ಎರಡು ಪ್ರತಿಗಳಿರುವ ಕುದುರೆ ಬೇಗ ಬೆಳ್ಳಗಾಗುವುದಲ್ಲದೆ ಗಂಟುಗಳಿಗೂ ಹೆಚ್ಚು ತುತ್ತಾಗುತ್ತದೆ. ಬೂದಲ್ಲದ ಗಂಡನ್ನು ಆರಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಉತ್ತರ 2:
ಬೂದಲ್ಲದ ಗಂಡು ಸರಿ, ಆದರೆ ಪಟ್ಟೆಯ ಗಂಡಾದರೆ ಪರೀಕ್ಷೆಯಿಲ್ಲದೆ ಮುಂದುವರಿಯಬೇಡಿ. ಫ್ರೇಮ್ ಓವೆರೋ ಎಂಬ ಬಗೆಯ ಪಟ್ಟೆಗೆ ಕಾರಣವಾದ ಇಡಿಎನ್‌ಆರ್‌ಬಿ ಜೀನಿನ ಬದಲಾವಣೆ ತಂದೆತಾಯಿ ಇಬ್ಬರಿಂದಲೂ ಬಂದರೆ, ಮರಿ ಬಹುಮಟ್ಟಿಗೆ ಅಚ್ಚ ಬಿಳಿಯಾಗಿ ಹುಟ್ಟಿ, ಸಗಣಿ ಹಾಕಲಾಗದೆ, ಹೊಟ್ಟೆಶೂಲೆಯಿಂದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಭ್ರೂಣದಲ್ಲಿ ವರ್ಣಕೋಶಗಳೂ ಕರುಳಿನ ನರಕೋಶಗಳೂ ಒಂದೇ ಮೂಲದಿಂದ ಹೊರಟು ಮೈಯೊಳಗೆ ವಲಸೆ ಹೋಗುವುದರಿಂದ, ಆ ವಲಸೆ ಕೆಟ್ಟಾಗ ಬಣ್ಣವೂ ಇಲ್ಲ, ಕರುಳಿನ ಚಲನೆಯೂ ಇಲ್ಲ. ಪಟ್ಟೆಗಳಿದ್ದರೂ ಬೆಳ್ಳಗಾದ ಕುದುರೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಕುದುರೆಯ ಕೂದಲನ್ನೂ ಬುಡಸಮೇತ ಕಿತ್ತು ಪರೀಕ್ಷೆಗೆ ಕಳುಹಿಸಿ.

ಪ್ರಶ್ನೆ ಕೇಳಿದವರು:
ಮರಿಯಾಗಿದ್ದಾಗ ಇದರ ಹಣೆಯ ಮೇಲೆ ಚುಕ್ಕಿಯೊಂದಿತ್ತು, ಅಷ್ಟೇ. ಆದರೂ ಎರಡನ್ನೂ ಪರೀಕ್ಷಿಸುತ್ತೇನೆ. ಈಗಿನ ಗಂಟುಗಳನ್ನು ಹಾಗೆಯೇ ಬಿಡಬಹುದೇ?

ಉತ್ತರ 3:
ಅನೇಕ ಗಂಟುಗಳು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ ಎಂಬ ಕಾರಣಕ್ಕೆ ನಿರುಪದ್ರವಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕೆಲವು ಒಳ ಅಂಗಗಳಿಗೆ ಹರಡುತ್ತವೆ, ಇನ್ನು ಕೆಲವು ಬಾಲದಡಿಯಲ್ಲಿಯೇ ದೊಡ್ಡದಾಗಿ ಸಗಣಿ ಹಾಕುವುದಕ್ಕೂ ಮರಿ ಹಾಕುವುದಕ್ಕೂ ತೊಡಕಾಗುತ್ತವೆ. ಕಡಲೆಕಾಳಿನಷ್ಟಿರುವಾಗ ತೆಗೆಸುವುದು ಸುಲಭ, ಆದ್ದರಿಂದ ಗರ್ಭ ಕಟ್ಟಿಸುವ ಮೊದಲೇ ವೈದ್ಯರೊಂದಿಗೆ ಈ ಮಾತನ್ನು ತೀರ್ಮಾನಿಸಿಕೊಳ್ಳಿ.